ಪಾರ್ಕಿನ ಗೇಟಿನಲ್ಲಿ ಪೂರ್ವಪಕ್ಷ

ಈಗಷ್ಟೇ ಅಂಗಿಯನ್ನು ಒಗೆಯಲು ಹಾಕುವಾಗ ಜೇಬಿನಲ್ಲಿ ದವನದ ಕಡ್ಡಿಯೊಂದು ಸಿಕ್ಕಿತು. ಬಾಡಿದರೂ ಘಮ ಹೋಗಿಲ್ಲ. ನಮ್ಮ ಬಡಾವಣೆಯ ಪಾರ್ಕಿನ ಬಳಿ ಹೂ ಮಾರುವ ಗಂಗಮ್ಮ, ಮೊಳ ಹೂ ಕೊಂಡವರಿಗೆಲ್ಲ ಇಂಥದೊಂದು ಕಡ್ಡಿ ಕೊಡುತ್ತಾಳೆ. ದವನದ ಘಮಕ್ಕೆ ನಿಮಗೆ ದೇವರು ನೆನಪಾಗಬಹುದು. ನನಗೆ ನೆನಪಾಗುವುದು ತರ್ಕಶಾಸ್ತ್ರ. ನಗಬೇಡಿ, ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಬಡಾವಣೆ ಸಂಘದ ಕಾರ್ಯದರ್ಶಿಯಾಗಿದ್ದೆ. ಯೋಗ್ಯತೆಯಿಂದಲ್ಲ; ಆಯ್ಕೆಯ ದಿನ ಕುಣಿಗಲ್ಲಿನ ಮದುವೆಯೊಂದರಲ್ಲಿ ಹೋಳಿಗೆ ತಿನ್ನುತ್ತಿದ್ದೆ, ಬೇಡ ಅನ್ನಲು ಸಭೆಯಲ್ಲಿರಲಿಲ್ಲ. ನಮ್ಮ ಸಭೆಗಳಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ನಾನು ಬಿಸ್ಕತ್ತು ಹಂಚುತ್ತಿದ್ದೆ. ಗದ್ದಲ ಜೋರಾದರೆ ಇನ್ನೊಂದು ಸುತ್ತು ಹಂಚುತ್ತಿದ್ದೆ.

ಆಗ ಎದುರು ಮನೆಗೆ ಶಾರದಾ ಮೇಡಂ ಬಾಡಿಗೆಗೆ ಬಂದರು. ಗುಬ್ಬಿಯವರು, ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರಿಗಿಂತ ಮೊದಲೇ ಅವರ ವಿಷಯ ನಿವೃತ್ತವಾಗಿತ್ತು; ಸೇರುವ ಮಕ್ಕಳಿಲ್ಲದೆ ವಿಭಾಗವನ್ನೇ ಮುಚ್ಚಿದ್ದರಂತೆ. ಇದನ್ನು ನಗುತ್ತಲೇ ಹೇಳುತ್ತಿದ್ದರು. ಒಮ್ಮೆ ಮಾತ್ರ ನಗದೆ, “ಪೂರ್ವಪಕ್ಷ ಅಂದ್ರೇನು ಅಂತ ಮಕ್ಕಳೆಲ್ಲ ಚೆನ್ನಾಗೇ ಬರೆದ್ರು. ಹೊರಗೆ ಬಂದು ಒಬ್ರಾದ್ರೂ ಅದನ್ನ ಬಳಸಿದ್ದು ನಾನು ನೋಡ್ಲಿಲ್ಲ” ಅಂದರು.

ಪೂರ್ವಪಕ್ಷವೆಂದರೆ, ನಿಮ್ಮ ವಾದ ಹೂಡುವ ಮೊದಲು ಎದುರಿನವರ ವಾದವನ್ನು ಅವರೇ ತಲೆದೂಗುವಂತೆ ನೀವು ಹೇಳುವುದು. ನಾನು ಮನೆಯಲ್ಲಿ ಪ್ರಯೋಗಿಸಿ ನೋಡಿದೆ. ಹೆಂಡತಿಯ ವಾದವನ್ನು ಯಾವ ಬಗೆಯಲ್ಲಿ ಹೇಳಿದರೂ ಆಕೆ ಅದಲ್ಲ, ಅದಲ್ಲ ಅನ್ನುತ್ತಲೇ ಹೋದಳು. ಸಾರು ಆರಿಹೋಯಿತು.

ಗಂಗಮ್ಮನ ಜಾಗಕ್ಕೆ ಕುತ್ತು ಬಂದದ್ದು ಅದೇ ದಿನಗಳಲ್ಲಿ. ಶಿರಾ ಗೇಟ್ ಸರ್ಕಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಬೀದಿಯ ರಾಜಣ್ಣ, ಪಾರ್ಕಿನ ಗೇಟಿನ ಮುಂದೆ ಪಾರ್ಕಿಂಗ್ ಬೇಕು, ಬುಟ್ಟಿ ಎತ್ತಿಸಿ ಎಂದು ಪಟ್ಟು ಹಿಡಿದರು. ಮಾರ್ಕೋನಹಳ್ಳಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಗಂಗಮ್ಮನಿಗೆ ಆ ಗೇಟೇ ಅಂಗಡಿ, ಅದೇ ಅನ್ನ. ಸಭೆ ಸೇರಿತು. ಮೇಡಂ ಆಕೆಯನ್ನೂ ಕರೆಸಿ ಕುರ್ಚಿ ಕೊಡಿಸಿದರು. ನಾನು ಬಿಸ್ಕತ್ತಿಗೆ ಕೈ ಹಾಕುವಷ್ಟರಲ್ಲಿ ಅವರು ಎದ್ದು ನಿಂತು, ಇವತ್ತು ಯಾರೂ ಮೊದಲು ತಮ್ಮ ಮಾತು ಆಡುವಂತಿಲ್ಲ, ಎದುರಿನವರ ಮಾತು ಆಡಬೇಕು ಎಂದರು.

ರಾಜಣ್ಣ ಗೊಣಗುತ್ತಲೇ, ಈಕೆಗೆ ಬಿಟ್ಟಿ ಜಾಗ ಬೇಕು ಅಂದರು. ಗಂಗಮ್ಮ ಅದಲ್ಲ ಅಂದಳು. ವ್ಯಾಪಾರ ಇಲ್ಲೇ ಜಾಸ್ತಿ ಅಂದರು. ಅದೂ ಅಲ್ಲ. ಬೇರೆ ದಾರಿ ಕಾಣದೆ ಆಕೆಯನ್ನೇ ಕೇಳಬೇಕಾಯಿತು. ಬಸ್ಸು ನಿಲ್ಲುವುದು ಅಲ್ಲೇ, ಮಂಡಿನೋವಿನಲ್ಲಿ ಬುಟ್ಟಿ ಹೊತ್ತು ದೂರ ನಡೆಯಲಾರೆ ಎಂದಳು. ರಾಜಣ್ಣ ಅದನ್ನು ತಗ್ಗಿದ ದನಿಯಲ್ಲಿ ಮತ್ತೆ ಹೇಳಿದರು. ಆಕೆ ತಲೆಯಾಡಿಸಿದಳು.

ಈಗ ಆಕೆಯ ಸರದಿ. ಅಣ್ಣನವರಿಗೆ ಕಾರು ನಿಲ್ಲಿಸಲು ಜಾಗ ಬೇಕು, ಅಷ್ಟೇ ಅಂದಳು. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ರಾಜಣ್ಣ ಆಕೆಯ ಕಡೆಗೆ ತಿರುಗಿದರು.

“ಅದಲ್ಲ ಕಣಮ್ಮ. ನಮ್ಮವ್ವನ ವೀಲ್‌ಚೇರು ಒಳಕ್ಕೆ ಹೋಗಲ್ಲ. ಬುಟ್ಟಿ, ಗಿರಾಕಿಗಳ ಗಾಡಿ ಅಡ್ಡ. ಗೇಟಿಂದ್ಲೇ ವಾಪಸ್ ಕರ್ಕೊಂಡೋಗ್ತೀನಿ. ಅದನ್ನ ಎಲ್ರ ಮುಂದೆ ಹೇಳೋಕೆ ಆಗ್ಲಿಲ್ಲ.”

ಗಂಗಮ್ಮ ಗೇಟಿನಾಚೆಯ ಲೈಟುಕಂಬದ ದಿಕ್ಕಿಗೆ ಕೈ ತೋರಿಸಿದಳು. “ಮೊದ್ಲೇ ಏಳಿದ್ರೆ ಆ ಕಂಬದ ತಾವ ಕೂತ್ಕತಿದ್ದೆ ಬುಡಿ. ಬಸ್ಸು ಅಲ್ಗೂ ಹತ್ರಾನೇ.”

ಮರುದಿನ ಬುಟ್ಟಿ ಕಂಬದ ಬಳಿಗೆ ಹೋಯಿತು. ರಾಜಣ್ಣ ಅಂಗಡಿಯಿಂದ ತಗಡಿನ ಶೀಟು ತಂದು ನೆರಳು ಮಾಡಿಸಿದರು. ಅವರ ತಾಯಿ ವೀಲ್‌ಚೇರಿನಲ್ಲಿ ಕೂತು ದವನ ಮೂಸುವುದನ್ನು ಕಂಡಾಗ ನನಗೆ ತಡೆಯಲಾರದ ಸಂತೋಷವಾಯಿತು. ಮೇಡಂ ಮಾತ್ರ, ಮೇಷ್ಟ್ರು ಎದುರಿಗಿದ್ದಾಗ ಮಕ್ಕಳೆಲ್ಲ ಸರಿಯಾಗಿಯೇ ಇರುತ್ತಾರೆ ಅಂದುಬಿಟ್ಟರು. ಮುಂದಿನ ವರ್ಷ ಗುಬ್ಬಿಗೇ ಮರಳಿದರು.

ಇವತ್ತು ಬೆಳಿಗ್ಗೆ ನಾನು ಹೂ ಕೊಳ್ಳುತ್ತಿದ್ದಾಗ ಇಬ್ಬರು ಸ್ಕೂಟರಿನವರು ನೆರಳಿಗಾಗಿ ಜಗಳಕ್ಕೆ ನಿಂತರು. ನಾನು ಹಳೆಯ ಅಭ್ಯಾಸದಂತೆ ಮೆಲ್ಲಗೆ ಜಾರಿಕೊಳ್ಳುವವನಿದ್ದೆ. ಗಂಗಮ್ಮ ಮಾಲೆಯಿಂದ ಕಣ್ಣೆತ್ತದೆ ಅವರಲ್ಲೊಬ್ಬನಿಗೆ, “ತಡೀರಿ. ಅವ್ರೇನಂದ್ರು ಅಂತ ಮೊದ್ಲು ನೀವೇಳಿ. ಅವ್ರು ಹೂಂ ಅನ್ಬೇಕು. ಆಮೇಕೆ ನಿಮ್ದು” ಅಂದಳು.

ಈ ಕಡ್ಡಿ ಕೈಗೆ ಸಿಕ್ಕದಿದ್ದರೆ ಇದನ್ನು ಮೇಡಂಗೆ ತಿಳಿಸುವುದನ್ನೇ ಮರೆತುಬಿಡುತ್ತಿದ್ದೆ. ಅಂಗಿಯನ್ನು ಬಕೆಟಿನಲ್ಲೇ ಬಿಟ್ಟು ಗುಬ್ಬಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಮೇಡಂ, ಆ ಸ್ಕೂಟರಿನವನು ಹೇಳಿದನಾ ಎಂದು ಕೇಳಿದರು. ಹೇಳಿದ ಮೇಡಂ, ಆದರೆ ಇನ್ನೊಬ್ಬ ಅದಲ್ಲ ಅಂದುಬಿಟ್ಟ ಎಂದೆ.

“ಹಾಗಾದ್ರೆ ಪಾಠ ಸರಿಯಾಗೇ ನಡೀತಿದೆ ಬಿಡಿ” ಅಂದರು.