ವಿಡಿಯೊ ಕಾಲ್‌ನಲ್ಲಿ ಬಿತ್ತಿದ ಸೌತೆ

ಅತ್ತೆಯ ಬಳಿ ಮುಳ್ಳುಸೌತೆಯ ಒಂಬತ್ತು ಬೀಜಗಳಿದ್ದವು. ಶಿಕಾರಿಪುರ ಕಡೆಯ ಅವರ ತವರಿನ ತಳಿ. ತವರಿನ ಹಿತ್ತಿಲಲ್ಲಿ ಈಗ ಕಾರು ನಿಲ್ಲಿಸುತ್ತಾರೆ, ಹಾಗಾಗಿ ಆ ಬೀಜ ಬೇರೆಲ್ಲೂ ಇಲ್ಲ. ಸೊರಬದ ನಮ್ಮ ಮನೆಯ ಹಿಂಗೋಡೆಗೆ ಸಗಣಿ, ಬೂದಿಯಲ್ಲಿ ಬೀಜ ಕಲಸಿ ತಟ್ಟಿಟ್ಟಿದ್ದರಲ್ಲಿ ಇಲಿ ತಿಂದು ಉಳಿದದ್ದು ಅಷ್ಟೇ.

ಮೇ ತಿಂಗಳಲ್ಲಿ ಒಂದು ಒಳ್ಳೆಯ ಮಳೆ ಬಿದ್ದು ಮಣ್ಣು ಹದವಾಯಿತು. ಅತ್ತೆಗೆ ಮಂಡಿನೋವು, ಕುಕ್ಕರುಗಾಲಲ್ಲಿ ಕೂರಲಾರರು. ಪಾತಿ ಮಾಡಿದವಳು ನಾನು. ಬೀಜಕ್ಕೆ ಕೈ ಚಾಚಿದಾಗ ಅವರು ಮುಷ್ಟಿ ಬಿಗಿಹಿಡಿದರು.

“ನೀ ಬ್ಯಾಡ. ನಿನ್ ಕೈಗುಣ ಸರಿ ಇಲ್ಲ.”

ಹಿಂದಿನ ವರ್ಷ ನಾನು ಹಾಕಿದ ಹಾಗಲ, ಬದನೆ, ಕೊತ್ತಂಬರಿ ಮೂರೂ ಮೇಲೇಳಲಿಲ್ಲ ಎಂಬುದು ನಿಜ. ಕೊತ್ತಂಬರಿ ಬೀಜವನ್ನು ಇರುವೆಗಳು ಸಾಲಾಗಿ ಹೊತ್ತೊಯ್ದದ್ದನ್ನು ಕಣ್ಣಾರೆ ಕಂಡಿದ್ದೆ. ನಾನು ಪತ್ರಿಕೆಗೆ ಸುದ್ದಿ ಬರೆಯುವವಳು, ಆದರೂ ನನ್ನ ಪ್ರತ್ಯಕ್ಷ ಹೇಳಿಕೆ ಮನೆಯಲ್ಲಿ ನಡೆಯಲಿಲ್ಲ.

ಕೈಗುಣ ಇದ್ದದ್ದು ಪಕ್ಕದ ಮನೆಯ ಟೈಲರಮ್ಮನಿಗೆ. ಅವರು ಒಣ ಕಡ್ಡಿ ನೆಟ್ಟರೂ ಚಿಗುರುತ್ತದೆಂದು ಇಡೀ ಬೀದಿ ನಂಬಿತ್ತು. ಆದರೆ ಅವರು ತಂಗಿಯ ಮದುವೆಗೆಂದು ಆನವಟ್ಟಿಗೆ ಹೋಗಿದ್ದರು. ಬರುವುದು ವಾರದ ನಂತರ. ಅಷ್ಟರಲ್ಲಿ ಮಣ್ಣು ಒಣಗುತ್ತದೆ. ಅತ್ತೆ ಸ್ವಲ್ಪ ಯೋಚಿಸಿ, “ವಿಡಿಯೊ ಕಾಲ್ ಹಚ್ಚು” ಎಂದರು.

ಫೋನಿನಲ್ಲಿ ಟೈಲರಮ್ಮನ ಮುಖ ಕಂಡಿತು, ಹಿಂದೆ ಮದುವೆ ಮನೆಯ ಗದ್ದಲ.

“ಈ ಬೀಜ ಒಂಚೂರು ಮುಟ್ಟಿ ಕೊಡವ್ವ,” ಎಂದರು ಅತ್ತೆ.

“ಫೋನಲ್ಲಿ ಹೆಂಗ್ ಮುಟ್ಲಿ ಆಂಟಿ? ಎರಡೂ ಕೈಗೆ ಮೆಹಂದಿ ಹಚ್ಚಿದಾರೆ ಬೇರೆ. ಒಣಗೋ ತಂಕ ಏನೂ ಮುಟ್ಟಂಗಿಲ್ಲ.”

“ಮುಟ್ಟಬ್ಯಾಡ. ಅಂಗೈ ತೋರ್ಸು, ಸಾಕು.”

ಅಂಗೈ ಪರದೆ ತುಂಬಿತು. ಅತ್ತೆ ಒಂದೊಂದೇ ಬೀಜವನ್ನು ಅದಕ್ಕೆ ತಾಗಿಸಿ ಕೊಟ್ಟರು, ನಾನು ಮಣ್ಣಿಗೆ ಒತ್ತಿದೆ. ನನ್ನದು ಬರೀ ಸಾಗಾಣಿಕೆ ಎಂದು ಮೊದಲೇ ಇತ್ಯರ್ಥವಾಗಿತ್ತು. ಮೂರನೇ ಬೀಜದ ಹೊತ್ತಿಗೆ ಮದುವೆ ಮನೆಯ ಸದ್ದು ನಿಂತಿತು. ಅಂಗೈ ಮಾತ್ರ ಹಾಗೇ ಇತ್ತು. ನೆಟ್‌ವರ್ಕ್ ಹೋಗಿ ಚಿತ್ರ ಅಲ್ಲೇ ನಿಂತುಬಿಟ್ಟಿತ್ತು.

“ಎಷ್ಟ್ ಅಲ್ಲಾಡ್ದಂಗೆ ಹಿಡ್ದಾಳೆ ನೋಡು ಪಾಪ,” ಎಂದರು ಅತ್ತೆ. “ನೀನಾಗಿದ್ರೆ ಇಷ್ಟೊತ್ತಿಗೆ ಕೈ ನೋವು ಅಂತಿದ್ದಿ.”

ಕಾಲ್ ನಿಂತಿದೆ ಎಂದು ಹೇಳಿದರೆ ಉಳಿದ ಬೀಜಗಳು ಮತ್ತೆ ಗೋಡೆ ಸೇರುತ್ತವೆ, ಅಲ್ಲಿಂದ ಇಲಿಯ ಹೊಟ್ಟೆ. ಹೇಳಲಿಲ್ಲ. ನಮ್ಮ ವೃತ್ತಿಯಲ್ಲಿ ಇದಕ್ಕೆ ಸುದ್ದಿ ಮುಚ್ಚಿಡುವುದು ಎನ್ನುತ್ತಾರೆ.

ಐದನೇ ದಿನದಿಂದ ಅತ್ತೆ ಬೆಳಗಿನ ಕಾಫಿಯನ್ನು ಪಾತಿಯ ಪಕ್ಕ ನಿಂತೇ ಕುಡಿಯತೊಡಗಿದರು. ಏಳನೇ ದಿನ ಮಣ್ಣು ಬಿರಿದು ಎಂಟು ಮೊಳಕೆ ಎದ್ದವು. ಒಂಬತ್ತನೆಯದನ್ನು ನಾನು ತೀರಾ ಆಳಕ್ಕೆ ಒತ್ತಿದ್ದೇನೆಂದು ತೀರ್ಮಾನವಾಯಿತು.

ಆನವಟ್ಟಿಯಿಂದ ಬಂದ ಟೈಲರಮ್ಮನನ್ನು ಅತ್ತೆ ಬ್ಯಾಗು ಇಳಿಸಲೂ ಬಿಡದೆ ಹಿತ್ತಿಲಿಗೆ ಎಳೆದುಕೊಂಡು ಹೋದರು.

“ನೋಡವ್ವ, ಎಲ್ಲಾ ನಿನ್ ಕೈಗುಣ!”

“ನಂದಾ? ಎರಡು ಬೀಜಕ್ಕೇ ಕಟ್ ಆಯ್ತಲ್ಲ ಆಂಟಿ! ನಾನು ಹಲೋ ಹಲೋ ಅಂತ ಕೂಗಿ ಸುಮ್ಮನಾದೆ.”

ಅತ್ತೆ ನನ್ನ ಕಡೆ ತಿರುಗಿದರು.

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಅಂದ್ರೆ ಉಳಿದವು ನಿನ್ ಕೈಯಾಗೇ ಹುಟ್ಯಾವು.”

ಅವರು ಎಂಟೂ ಮೊಳಕೆಗಳನ್ನು ಇನ್ನೊಮ್ಮೆ ನೋಡಿದರು. ಒಳಗೆ ಹೋಗಿ ಬೆಂಡೆ ಬೀಜದ ಪೊಟ್ಟಣ ತಂದು ನನ್ನ ಕೈಗಿತ್ತರು.

“ಇವನ್ನ ನೀನೇ ಹಾಕು,” ಎಂದರು. “ಬೆಂಡೆ ಅಂಗಡ್ಯಾಗೂ ಸಿಗತೈತಿ.”