ನನಗಿಂತ ಮೊದಲೇ ಬಂದು ಹೇಳಿದವನು

ದೆವ್ವ, ಶಕುನ, ಕನಸಿನ ಸೂಚನೆ ಎನ್ನುವವರನ್ನು ಗೇಲಿ ಮಾಡುತ್ತಿದ್ದವನು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಗೇಲಿ ಮಾಡುವುದನ್ನಂತೂ ಬಿಟ್ಟಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ದೊಡ್ಡಉಳ್ಳಾರ್ತಿ ಕಡೆ ವ್ಯಾನುಗಳನ್ನು ಓಡಿಸುವ ಒಂದು ಏಜೆನ್ಸಿಯವರು ಸಂದರ್ಶನ ಮಾಡಿ, ಗಾಡಿ ಓಡಿಸಲು ಹೇಳಿ, ಕಣ್ಣು ಪರೀಕ್ಷೆ ಮಾಡಿಸಿ, ಡ್ರೈವರ್ ಕೆಲಸ ನಿನ್ನದೇ ಎಂದರು. ಯೂನಿಫಾರಂಗೆ ಚಳ್ಳಕೆರೆಯ ಟೈಲರ್ ಇಮಾಮ್ ಸಾಬರಲ್ಲಿ ಅಳತೆಯನ್ನೂ ಕೊಟ್ಟೆ. ಎಣ್ಣೆ ಮಿಲ್ಲಿನಲ್ಲಿ ವರ್ಷಗಟ್ಟಲೆ ಶೇಂಗಾ ಆರಿಸಿದ ಅವ್ವ, ಸೋಮವಾರದಿಂದ ಬರುವುದಿಲ್ಲವೆಂದು ಮೇಸ್ತ್ರಿಗೆ ಹೇಳಿಯೇಬಿಟ್ಟಳು. ಅವತ್ತಿನ ಅವಳ ಗತ್ತು! ನೆನೆದರೆ ಈಗಲೂ ಖುಷಿಯಾಗುತ್ತದೆ.

ಸುದ್ದಿ ತಿಳಿಸಲು ಮೊಳಕಾಲ್ಮೂರಿನ ಅಕ್ಕನ ಮನೆಗೆ ಹೋಗಿ, ಎರಡು ದಿನ ಇದ್ದು ಹೋಳಿಗೆ ತಿಂದೆ. ಶನಿವಾರ ಬೆಳಿಗ್ಗೆ ವಾಪಸು ಬರುವಾಗ ಬಸ್ಸಿನಲ್ಲೇ ಫೋನ್ ಬಂತು. ಕೆಲಸ ರದ್ದಾಗಿದೆಯಂತೆ. ಕಾರಣ ಹೇಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದಕ್ಕಿಂತಲೂ, ಅವ್ವನಿಗೆ ಹೇಗೆ ಹೇಳುವುದೆಂದು ಸಂಕಟವಾಯಿತು. ಮನೆಗೆ ಹೋಗಲು ಧೈರ್ಯ ಸಾಲದೆ ಮೊದಲು ಟೈಲರ್ ಅಂಗಡಿಗೆ ಹೋದೆ.

"ಹೊಲೀಬೇಡ್ರಿ ಚಾಚಾ," ಎಂದೆ.

ಸಾಬರು ಕನ್ನಡಕ ಮೇಲೆ ಮಾಡಿ ನೋಡಿದರು. "ನಿನ್ನೇನೇ ಬಂದು ಹೇಳಿ ಹೋದ್ಯಲ್ಲೋ ಬೇಟಾ. ಬಟ್ಟೆ ಮಡಚಿ ಇಟ್ಟಿದೀನಿ."

ವಯಸ್ಸಾಯಿತು, ಯಾರನ್ನೋ ನೋಡಿ ನಾನೆಂದುಕೊಂಡಿದ್ದಾರೆ ಎಂದು ಮನೆಗೆ ನಡೆದೆ. ಅವ್ವ ಮುದ್ದೆ ಕಟ್ಟುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ಮತ್ಯಾಕ್ಲೇ ಮುಖ ಇಳಿಸ್ಕೊಂಡಿದೀಯಾ? ಸೋಮವಾರ ಬರ್ತೀನಿ ಅಂತ ಮೇಸ್ತ್ರಿಗೆ ಹೇಳಿ ಆಗೈತೆ. ನಿನ್ನೆ ನೀನು ಬಂದು ಅಷ್ಟು ಚೆನ್ನಾಗಿ ತಿಳಿಸಿ ಹೇಳಿ ಹೋದ್ಮೇಲೆ ನಂಗೇನು ದುಃಖ?" ಎಂದಳು.

ನಿನ್ನೆ ನಾನು ಮೊಳಕಾಲ್ಮೂರಿನಲ್ಲಿದ್ದೆ, ಅಕ್ಕನೇ ಸಾಕ್ಷಿ. ನಿನ್ನೆ ಆ ಕೆಲಸ ಹೋಗಿಯೂ ಇರಲಿಲ್ಲ.

ಮುಂದೆ ನನಗೆ ಬೇರೆ ಕಡೆ ಕೆಲಸ ಸಿಕ್ಕಿದ ಮೇಲೆ ಅವ್ವ ಮಿಲ್ಲು ಬಿಟ್ಟಳು. ಈಗ ಅವಳೂ ಇಲ್ಲ. ಅವತ್ತು ನಾನು ಏನು ಹೇಳಿದೆನೆಂದು ಎಷ್ಟೋ ಸಲ ಕೇಳಿದ್ದೆ. "ಹೇಳಿದವನು ನೀನು, ನನ್ನೇನು ಕೇಳ್ತೀಯಾ?" ಎಂದು ನಗುತ್ತಿದ್ದಳು. ಬಂದವನು ಯಾರೋ ನನಗೆ ಗೊತ್ತಿಲ್ಲ. ಅವ್ವನ ಕಣ್ಣಲ್ಲಿ ನೀರು ಬರದ ಹಾಗೆ ಆ ಸುದ್ದಿ ಹೇಳುವುದಂತೂ ನನ್ನಿಂದ ಆಗುತ್ತಿರಲಿಲ್ಲ.