ಮನಿ ಅಂದ್ರ ಮನೆ ರೀ

ಏನ್ ಹೇಳ್ಲಿ ದೋಸ್ತರ, ಇವತ್ತ ಆಟೋ ನಗರದ ಒಂದು ಕಂಪನ್ಯಾಗ ನನ್ನ ಇಂಟರ್‌ವ್ಯೂ ಮಾಡಿದ್ದು ಎಐ.

"ಈ ಕೆಲಸ ನಿಮಗೆ ಯಾಕೆ ಬೇಕು?" ಅಂತು.

"ಮನಿ ಸಲುವಾಗಿರಿ" ಅಂದೆ.

ನಮ್ಮ ಖಾನಾಪುರದಾಗ ಮನಿ ಅಂದ್ರ ಮನೆ. ಅದು ಇಂಗ್ಲಿಷ್ ಮನಿ ಅಂತ ತಿಳಕೊಂಡಿತು! "ಹಣದ ಆಸೆ ಹೆಚ್ಚು" ಅಂತ ಸ್ಕ್ರೀನ್ ಮ್ಯಾಲ ಬರದು ನನ್ನ ಕೈಬಿಟ್ಟಿತು.

ಗೆಳತಿ ಸವಿತಾನೂ ನಮ್ಮೂರಾಕಿನ. ನನ್ನ ಹಿಂದ ಒಳಗ ಹೋದಾಕಿ, ಅದೇ ಪ್ರಶ್ನೆಗೆ ಟಿವಿ ನ್ಯೂಸ್ ಓದೋರಂಗ "ಮನೆಗಾಗಿ" ಅಂದ್ಲು. "ಕುಟುಂಬದ ಮೇಲೆ ಪ್ರೀತಿ" ಅಂತ ಬರದು ಆಕಿನ್ನ ತಗೊಂಡಿತು.

ಹೊರಗ ಬಂದ ಕೂಡ್ಲೆ, "ಸಂಜಿಕ ನಮ್ಮ ಮನಿಗಿ ಬಾರೇ, ಕುಂದಾ ತಿನ್ನೂಣು" ಅಂದ್ಲು.

ಈಗ ಬಂತ ನೋಡ್ರಿ ಆಕಿ ಬಾಯಾಗ ಮನಿ!

ಖರೇ ಹೇಳ್ತೀನಿ, ಹೊಟ್ಟಿ ಉರಿಯಾಕತ್ತೈತಿ. ಇದನ್ನೂ ಆ ಎಐಗೆ ಹೇಳಿದ್ರ "ಅಭ್ಯರ್ಥಿಗೆ ಅಸಿಡಿಟಿ" ಅಂತ ಬರಕೊಂಡೀತು.